ನಾಲ್ಕು ಪಾಯಿಂಟ್ ಎರಡರ ಗಂಡ

ಕೊಲೆಸ್ಟರಾಲ್ ನಾರ್ಮಲ್ ಎಂದು ರಿಪೋರ್ಟ್ ಬಂದರೆ ಉಳಿದವರು ಸಮಾಧಾನದ ಉಸಿರು ಬಿಡುತ್ತಾರೆ. ನಾನು ಹೋಳಿಗೆ ಮಾಡಿಸುತ್ತೇನೆ. ಮೊಬೈಲಿಗೆ ಬಂದ ಪಿಡಿಎಫ್‌ನಲ್ಲಿ ಎಲ್‌ಡಿಎಲ್ 112 ಎಂದು ಕಂಡ ಕೂಡಲೇ ಅಡುಗೆಮನೆ ಬಾಗಿಲಲ್ಲಿ ನಿಂತು, ತುಪ್ಪದ ಮೇಲಿದ್ದ ನಿರ್ಬಂಧವನ್ನು ತಕ್ಷಣದಿಂದ ತೆರವುಗೊಳಿಸಲಾಗಿದೆ ಎಂದು ಆದೇಶ ಹೊರಡಿಸಿದೆ. ನಮ್ಮ ಮನೆಯಲ್ಲಿ ಆದೇಶ ಹೊರಡಿಸುವುದು ನನ್ನ ಕೆಲಸ, ಅದನ್ನು ಜಾರಿಗೆ ತರುವುದು ಬಿಡುವುದು ನನ್ನವಳ ಮರ್ಜಿ. ಅವತ್ತು ಅವಳ ಮನಸ್ಸು ಚೆನ್ನಾಗಿತ್ತು, ಜಾರಿಯಾಯಿತು.

ಎರಡನೇ ಹೋಳಿಗೆ ಇನ್ನೂ ಬಾಯಲ್ಲಿರುವಾಗ ಮಗಳು ಆ ಪಿಡಿಎಫ್‌ನ ಕೊನೆಯ ಪುಟ ತಲುಪಿದಳು. ಆಡಿಟ್ ಇಲಾಖೆಯಲ್ಲಿ ತಲೆಕೂದಲು ಕಳೆದುಕೊಂಡವನು ನಾನು. ಬೇರೆಯವರ ಕಡತವಾದರೆ ಹಿಂದಿನ ಪುಟದಿಂದಲೇ ಓದುತ್ತೇನೆ; ಮುಚ್ಚಿಡುವವರು ಮುಚ್ಚಿಡುವುದು ಅಲ್ಲೇ. ನನ್ನದೇ ಕಡತವಾದರೆ ಮೊದಲ ಪುಟಕ್ಕೇ ಸಂತೃಪ್ತ. ಫಾರ್ಮಸಿ ಓದುತ್ತಿರುವ ಮಗಳಿಗೆ ಈ ಔದಾರ್ಯ ನನ್ನಿಂದ ಬಂದಿಲ್ಲ.

“ಅಪ್ಪಾ, ಎಚ್‌ಎಸ್-ಸಿಆರ್‌ಪಿ 4.2 ಇದೆ. ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.”

ದಪ್ಪ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನವಳು ನನ್ನ ಕಡೆ ತಿರುಗಿದಳು.

ಈ ರಕ್ತ ಪರೀಕ್ಷೆಗೆ ನಾನಾಗಿ ತೋಳು ಚಾಚಿದವನಲ್ಲ. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಟಿವಿ ತುಂಬಿಕೊಂಡಾಗ, ನಮ್ಮ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳ್ಳಂಬೆಳಗ್ಗೆಯೇ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ ಆಮೇಲೆ, ಗಾಬರಿಪಡುವಂಥ ಏರಿಕೆ ಏನೂ ಆಗಿಲ್ಲ ಎಂದು ವರದಿ ಕೊಟ್ಟಿತು. ಆದರೆ ಸಮಿತಿ ವರದಿ ಬರುವುದಕ್ಕೂ ಮೊದಲೇ ನಮ್ಮ ಮನೆಯ ಸಮಿತಿ ವರದಿ ಕೊಟ್ಟಾಗಿತ್ತು: ಐವತ್ತು ದಾಟಿದವರು, ಹೊಟ್ಟೆ ಬಂದವರು, ಮೆಟ್ಟಿಲು ಹತ್ತುವಾಗ “ಒಂದ್ನಿಮಿಷ, ಫೋನ್ ಬಂತು” ಎಂದು ಸುಳ್ಳು ಹೇಳಿ ಅರ್ಧದಲ್ಲಿ ನಿಲ್ಲುವವರು ಕೂಡಲೇ ಪರೀಕ್ಷೆ ಮಾಡಿಸಬೇಕು. ಮೂರೂ ವರ್ಗಕ್ಕೆ ಸೇರಿದವನು ಮನೆಯಲ್ಲಿ ಒಬ್ಬನೇ ಇದ್ದ. ಸಾಲು ನಿಲ್ಲುವುದು ಬೇಡವೆಂದು ಮನೆಗೇ ಬಂದು ರಕ್ತ ತೆಗೆಯುವ ಪ್ಯಾಕೇಜ್ ಗೊತ್ತುಮಾಡಿದರು. ಪ್ಯಾಕೇಜಿನೊಳಗೆ ಏನೇನಿದೆ ಎಂದು ಯಾರೂ ನೋಡಲಿಲ್ಲ, ಎಷ್ಟು ಡಿಸ್ಕೌಂಟ್ ಎಂದು ನೋಡಿದ್ದು. ಹಾಗೆ ರಿಯಾಯಿತಿಯ ಬೆನ್ನಿಗೇ ಬಂದದ್ದು ಈ ಸಿಆರ್‌ಪಿ.

ಸಿಆರ್‌ಪಿ ನಮ್ಮ ಮನೆಗೆ ಅಪರಿಚಿತವಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಕರ್ನಾಟಕದ ಮನೆಮನೆಯೂ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್ ಎಂದು ತರಕಾರಿ ರೇಟು ಹೇಳುವಷ್ಟು ಸಲೀಸಾಗಿ ಮಾತಾಡುತ್ತಿತ್ತು. ಆದ್ದರಿಂದ ಅಮ್ಮ ಜಪದ ಮಣೆಯಿಂದಲೇ ಕೂಗಿದಳು: “ಮತ್ತೆ ಕೊರೋನಾ ಬಂತೇನೋ?”

“ಅಲ್ಲ ಅಜ್ಜಿ, ಪ್ರೋಟೀನ್ ಅದೇ, ಅಳೆಯೋ ರೀತಿ ಬೇರೆ” ಎಂದಳು ಮಗಳು. “ಕೋವಿಡ್‌ನಲ್ಲಿ ನೂರು, ಇನ್ನೂರು ಅಂತ ಬರ್ತಿತ್ತಲ್ಲ, ಅದು ದೊಡ್ಡ ಏರಿಕೆ. ಈ ಎಚ್‌ಎಸ್ ಒಂದು, ಎರಡು, ಮೂರರ ಒಳಗಿನ ಸಣ್ಣ ವ್ಯತ್ಯಾಸಾನೂ ಹಿಡಿಯುತ್ತೆ. ಹೃದಯಕ್ಕೆ ನೋಡೋದು ಇದನ್ನ.”

“ಸಣ್ಣದ್ದನ್ನ ಹಿಡಿಯೋದಕ್ಕೆ ಮಿಷನ್ ಬೇರೆ ಬೇಕಾ, ನಿಮ್ಮಮ್ಮ ಇಲ್ವಾ” ಎಂದೆ. ಮೂರನೇ ಹೋಳಿಗೆ ತಟ್ಟೆಯಿಂದ ಎದ್ದು ಹೋಯಿತು.

ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ಬೆಳಕಿನಲ್ಲಿ ನನ್ನ ಆಪಾದಿತನ ಪೂರ್ವಚರಿತ್ರೆ ತೆಗೆದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರಂತೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ‘ಸಿ’ ಎಂದು ಗುರುತು ಹಾಕಿದ್ದ ಅಂಶವೊಂದರ ಜೊತೆ ಬೆರೆಸಿದರೆ ರೋಗಿಯ ಸೀರಮ್ ಗರಣೆಗಟ್ಟುತ್ತಿತ್ತು. ರೋಗ ವಾಸಿಯಾದ ಮೇಲೆ ಕಟ್ಟುತ್ತಿರಲಿಲ್ಲ. ಅಂದರೆ ಇದು ಕಾಯಿಲೆ ಇದ್ದಾಗ ಬಂದು, ಹೋದಾಗ ಹೋಗುವ ಪ್ರೋಟೀನು. ಇಷ್ಟು ಓದಿ ಸಮಾಧಾನವಾಯಿತು. ನನಗೆ ನ್ಯುಮೋನಿಯಾ ಇಲ್ಲ. ಮುಂದಿನ ಪ್ಯಾರಾದಲ್ಲಿ ಹೃದಯಾಘಾತ ಎಂದಿತ್ತು. ಎಡ ಭುಜ ನೋಯತೊಡಗಿತು. ಅದನ್ನು ಒತ್ತಿ ಮಲಗಿದ್ದರಿಂದ ನೋವು ಎಂದು ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು. ಅಷ್ಟರಲ್ಲಿ ನನ್ನ ಕುಟುಂಬ ಪಿಂಚಣಿಯ ಲೆಕ್ಕ ಮನಸ್ಸಿನಲ್ಲೇ ಮುಗಿದಿತ್ತು. ಮೊತ್ತ ಕಡಿಮೆ ಅನ್ನಿಸಿ ಬದುಕಿರುವುದೇ ಲೇಸೆಂದು ತೀರ್ಮಾನಿಸಿದೆ.

ನಮ್ಮ ಬಡಾವಣೆಯ ಡಾಕ್ಟ್ರು ಹಳೆಯ ಕಾಲದವರು. ರಿಪೋರ್ಟನ್ನು ಕನ್ನಡಕ ಮೇಲೆತ್ತಿ ನೋಡುತ್ತಾರೆ, ರೋಗಿಯನ್ನು ಕನ್ನಡಕ ಕೆಳಗಿಳಿಸಿ ನೋಡುತ್ತಾರೆ. ನನ್ನನ್ನು ಎರಡೂ ರೀತಿಯಲ್ಲಿ ನೋಡಿದರು.

“ಮನೇಲಿ ಪಾತ್ರೆ ಸದ್ದು ಜಾಸ್ತಿ ಆದ್ರೆ ನಿಮಗೆ ಏನು ಗೊತ್ತಾಗುತ್ತೆ?” ಎಂದರು.

ಪಕ್ಕದಲ್ಲಿ ನನ್ನವಳು ಕೂತಿದ್ದಳು. ತೂಗಿ ಉತ್ತರಿಸಿದೆ: “ನಾನೇನೋ ಮಾಡಿದೀನಿ ಅಂತ.”

“ಏನು ಮಾಡಿದೀರಿ ಅಂತ ಗೊತ್ತಾಗುತ್ತಾ?”

“ಇಲ್ಲ ಸಾರ್.”

“ಸಿಆರ್‌ಪಿ ಅಂದ್ರೆ ಅಷ್ಟೇ. ಮೈಯೊಳಗೆ ಎಲ್ಲೋ ಯಾವುದಕ್ಕೋ ಸಿಟ್ಟು ಬಂದಿದೆ. ಎಲ್ಲಿ, ಯಾಕೆ ಅಂತ ಅದು ಹೇಳಲ್ಲ.”

ನನ್ನವಳು ಡಾಕ್ಟ್ರ ಕಡೆ ಅಪಾರ ಗೌರವದಿಂದ ನೋಡಿದಳು. ವೈದ್ಯಶಾಸ್ತ್ರ ಇಷ್ಟು ಮುಂದುವರಿದಿರುವುದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಅವರು ಔಷಧಿ ಚೀಟಿ ಮಗುಚಿ ಹಿಂಬದಿಯಲ್ಲಿ ಒಂದು ಕೊಳವೆ ಬರೆದರು. ಕೊಳವೆಯ ಗೋಡೆಯೊಳಗೆ ಚುಕ್ಕೆಗಳು: ಕೊಲೆಸ್ಟರಾಲ್. ಆ ಚುಕ್ಕೆಗಳನ್ನು ನುಂಗಲು ಬಂದ ಬಿಳಿ ರಕ್ತಕಣಗಳು ನುಂಗಿ ನುಂಗಿ ಊದಿಕೊಂಡು ಅಲ್ಲೇ ಗಡ್ಡೆಯಾಗಿ ಕೂತುಬಿಡುತ್ತವೆ. ಇಲ್ಲಿ ಡಾಕ್ಟ್ರು ಪೆನ್ನು ನಿಲ್ಲಿಸಿ ನನ್ನ ಹೊಟ್ಟೆಯ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ. ಹಾಗೆ ಕೂತ ಕಣಗಳು ಸುಮ್ಮನಿರುವುದಿಲ್ಲ, ಇಂಟರ್‌ಲ್ಯೂಕಿನ್ ಎಂಬ ರಾಸಾಯನಿಕ ಸುದ್ದಿ ಹಬ್ಬಿಸುತ್ತವೆ. ಇಂಟರ್‌ಲ್ಯೂಕಿನ್-1 ಕಿವಿ ಊದಿದರೆ ಇಂಟರ್‌ಲ್ಯೂಕಿನ್-6 ಹೆಚ್ಚುತ್ತದೆ, ಅದು ಲಿವರ್ ತಲುಪುತ್ತದೆ, ಲಿವರ್ ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಈ ಕಡೆ ಕೊಳವೆಯ ಗೋಡೆಯಲ್ಲಿ ಆ ಗಡ್ಡೆಯ ಮೇಲಿನ ಪೊರೆ ತೆಳ್ಳಗಾಗುತ್ತಾ ಬಂದು ಒಂದು ದಿನ ಹರಿಯುತ್ತದೆ, ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. “ಕೊಳವೆ ಕಟ್ಟಿಕೊಂಡು ಕಟ್ಟಿಕೊಂಡು ನಿಧಾನಕ್ಕೆ ಮುಚ್ಚಿಹೋಗುತ್ತೆ ಅಂತ ಜನ ಅಂದ್ಕೋತಾರೆ. ಎಷ್ಟೋ ಸಲ ಅರ್ಧವೂ ಮುಚ್ಚಿರಲ್ಲ. ಸಿಟ್ಟಾಗಿರೋ ಗಡ್ಡೆ ಒಡೆದೇ ಅಟ್ಯಾಕ್ ಆಗೋದು” ಎಂದು ಅಲ್ಲೊಂದು ಇಂಟು ಮಾರ್ಕ್ ಹಾಕಿದರು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಬಸ್ಸಿನಲ್ಲಿ ಚಿಲ್ಲರೆ ತೆಗೆಯುವಾಗಲೆಲ್ಲ ಆ ಇಂಟು ಮಾರ್ಕ್ ಕಾಣುತ್ತದೆ.

“ಹಾಗಾದ್ರೆ 4.2 ಅಂದ್ರೆ…?”

2003ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಸಿಡಿಸಿ ಸೇರಿ ಹಾಕಿಕೊಟ್ಟ ಗೆರೆಗಳನ್ನೇ ಅವರು ಹೇಳಿದರು. ಒಂದು ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. 10 ದಾಟಿದರೆ ಹೃದಯದ ಮಾತು ಬದಿಗಿಟ್ಟು ಮೊದಲು ಸೋಂಕೋ ಏಟೋ ಹುಡುಕಬೇಕು. ಒಂದು ಸಲದ ಅಂಕಿ ನಂಬಬಾರದು, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿ ಸರಾಸರಿ ತೆಗೆಯಬೇಕು. ನೆಗಡಿ ಬಂದರೂ ಇದು ಏರುತ್ತದೆ, ಹಲ್ಲು ಕೀಳಿಸಿದರೂ ಏರುತ್ತದೆ, ಬೀಡಿ ಸಿಗರೇಟಿಗೂ ಏರುತ್ತದೆ, ಬೊಜ್ಜಿಗಂತೂ ಏರಿಯೇ ಕೂತಿರುತ್ತದೆ.

ಈ ಪಟ್ಟಿಯನ್ನು ಡಾಕ್ಟ್ರು ನನ್ನವಳ ಎದುರಿಗೆ ಹೇಳಬಾರದಿತ್ತು.

ಒಂದು ಅಂಕಿ ಬಂದಿದೆ, ಅಪರಾಧವಾಗಿದೆ ಎನ್ನುತ್ತದೆ, ಅಪರಾಧಿ ಯಾರೆಂದು ಹೇಳುವುದಿಲ್ಲ. ಇಂಥ ದೂರು ಸಿಕ್ಕರೆ ಮನೆಯವರು ಬಿಡುತ್ತಾರೆಯೇ? ವರ್ಷಾನುಗಟ್ಟಲೆ ನನ್ನ ಮೇಲೆ ಯಾರ್ಯಾರಿಗೆ ಏನೇನು ತಕರಾರಿತ್ತೋ ಅದಷ್ಟಕ್ಕೂ ಈಗ ಲ್ಯಾಬಿನ ಮೊಹರು ಬಿತ್ತು. ಅಮ್ಮನ ಪ್ರಕಾರ ಇದು ಶುದ್ಧ ಉಷ್ಣ: “ಶನಿವಾರ ಶನಿವಾರ ಎಣ್ಣೆ ನೀರು ಹಾಕ್ಕೊ ಅಂದ್ರೆ ಕೇಳಲ್ಲ.” ನನ್ನವಳ ಪ್ರಕಾರ ಸಂಜೆ ವಾಕಿಂಗ್ ನೆಪದಲ್ಲಿ ಅಗ್ರಹಾರದ ಸರ್ಕಲ್ಲಿನಲ್ಲಿ ತಿನ್ನುವ ಮಸಾಲೆ ಕಡ್ಲೆಕಾಯಿ ಮತ್ತು ಬೋಂಡ. ಅದು ಅವಳಿಗೆ ಗೊತ್ತೆಂದು ನನಗೆ ಗೊತ್ತಿರಲಿಲ್ಲ. ಮಗಳ ಪ್ರಕಾರ ರಾತ್ರಿ ಒಂದರವರೆಗೆ ಹಳೇ ಟೆಸ್ಟ್ ಮ್ಯಾಚ್ ನೋಡುವುದು. ಮನೆಗೆಲಸದ ಗಂಗಮ್ಮನವರನ್ನು ಯಾರೂ ಕೇಳಲಿಲ್ಲ, ಆದರೂ “ಅಯ್ಯೋರು ಬಟ್ಟೆ ಒಣಗಾಕೋದಕ್ಕಾದ್ರೂ ಮಹಡಿ ಹತ್ತಬೇಕಾಗಿತ್ತು” ಎಂದು ತಮ್ಮ ಅಭಿಪ್ರಾಯ ದಾಖಲಿಸಿದರು. ತಮಾಷೆಯೆಂದರೆ ಶಾಸ್ತ್ರದ ದೃಷ್ಟಿಯಿಂದ ಯಾರೂ ಪೂರ್ತಿ ತಪ್ಪಿಲ್ಲ. ನಿದ್ದೆಗೆಟ್ಟರೂ ಅದು ಏರಬಹುದು, ಕೂತಲ್ಲೇ ಕೂತರೂ ಏರಬಹುದು. ಎಣ್ಣೆ ನೀರಿನದೊಂದು ಬಿಟ್ಟು.

ಮರುದಿನ ಬೆಳಿಗ್ಗೆ ಟೈಲರ್ ಟೇಪು ಹೊರಬಂತು.

ನನ್ನ ಪ್ಯಾಂಟಿನ ಸೈಜು 36. ಇದು ಎಷ್ಟೋ ವರ್ಷಗಳಿಂದ ಬದಲಾಗದ ಸತ್ಯ, ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಮರ್ಯಾದೆಯಿಂದ ಕೆಳಕ್ಕೆ ಸರಿದು ಅದೇ ಸೈಜಿನಲ್ಲಿ ಉಳಿದಿದೆ. ಮಗಳು ಒಪ್ಪಲಿಲ್ಲ. ಅಳೆಯಬೇಕಾದದ್ದು ಬೆಲ್ಟು ಕೂರುವ ಕಡೆ ಅಲ್ಲವಂತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ. ಪಕ್ಕೆಲುಬು ಹುಡುಕುವುದಕ್ಕೇ ಸ್ವಲ್ಪ ಹೊತ್ತಾಯಿತು. “ಉಸಿರು ಬಿಡ್ರೀ” ಎಂದಳು ನನ್ನವಳು. ಬಿಟ್ಟಿದ್ದೇನೆ ಎಂದು ಸನ್ನೆ ಮಾಡಿದೆ. ಬಾಯಿ ತೆರೆದು ಹೇಳಲು ಹೋದರೆ ನಿಜವಾಗಿ ಬಿಟ್ಟುಹೋಗುತ್ತಿತ್ತು. ಅವಳೂ ನಾನೂ ಹಾಗೇ ನಿಂತೆವು. ಗೆಲ್ಲುವುದು ಯಾವಾಗಲೂ ಅವಳೇ. ಇಂಚಿನ ಕಡೆ ನೋಡೆಂದು ಬೇಡಿಕೊಂಡರೂ ಟೇಪು ಮಗುಚಿ ಸೆಂಟಿಮೀಟರ್ ಕಡೆಯೇ ಓದಿದಳು: 101. ದಕ್ಷಿಣ ಏಷ್ಯಾದ ಗಂಡಸರಿಗೆ ಗೆರೆ 90, ಹೆಂಗಸರಿಗೆ 80. ಯುರೋಪಿನ ಗಂಡಸರಿಗಾದರೆ 94. “ನಾಲ್ಕು ಸೆಂಟಿಮೀಟರು ನಮಗ್ಯಾಕೆ ಕಡಿಮೆ, ಇದು ತಾರತಮ್ಯ” ಎಂದು ಆಕ್ಷೇಪಿಸಿದೆ. “ನಿನ್ನದು ಅವರ ಲೆಕ್ಕಕ್ಕೂ ಜಾಸ್ತೀನೇ ಅಪ್ಪಾ” ಎಂದಳು ಮಗಳು. ನಮ್ಮವರಿಗೆ ಕೈಕಾಲು ಸಣ್ಣಗಿದ್ದರೂ ಕರುಳಿನ ಸುತ್ತ ಕೊಬ್ಬು ಬೇಗ ಸೇರುತ್ತದಂತೆ. ಆ ಕೊಬ್ಬು ಸುಮ್ಮನೆ ಬಿದ್ದಿರುವ ಸರಕಲ್ಲ, ಇಂಟರ್‌ಲ್ಯೂಕಿನ್-6 ಅನ್ನು ತಾನೇ ಸುರಿಸಿ ನೇರ ಲಿವರಿಗೆ ಕಳಿಸುತ್ತದೆ. ಬದುಕಿನಲ್ಲಿ ನನ್ನ ಮೈಯ ಒಂದು ಭಾಗವಾದರೂ ಸದಾ ಚಟುವಟಿಕೆಯಿಂದ ಇದೆ ಎಂದು ಅಂದೇ ತಿಳಿದದ್ದು.

ಇಷ್ಟರಲ್ಲಿ ಬೆಂಗಳೂರಿನಿಂದ ನನ್ನ ಭಾಮೈದನ ಫೋನು. ಇವನು ಮ್ಯಾರಥಾನ್ ಓಡುವವನು. ಮೈಮೇಲೆ ಒಂದು ಗ್ರಾಂ ಕೊಬ್ಬಿಲ್ಲ, ಮಾತಿನಲ್ಲಿ ಒಂದು ಗ್ರಾಂ ಸಂಕೋಚವಿಲ್ಲ. ಅಕ್ಕನಿಂದ ಸುದ್ದಿ ಹೋಗಿತ್ತು.

“ಏನ್ ಭಾವ, 4.2 ಅಂತೆ! ನಂದು ನೋಡಿ, 0.3. ನಿಮ್ಮದು ಹದಿನಾಲ್ಕು ಪಟ್ಟು!”

ಸ್ಪೀಕರ್ ಹಾಕಿತ್ತು. ನನ್ನವಳ ಮುಖದಲ್ಲಿ ತವರಿನ ರಕ್ತದ ಬಗ್ಗೆ ಹೆಮ್ಮೆ ಉಕ್ಕಿತು. ಮಗಳು ಮಾತ್ರ, “ಮಾವ, ರಿಪೋರ್ಟ್ ಫೋಟೋ ಕಳಿಸು” ಎಂದಳು. ಬಂತು. ಅವನ ಲ್ಯಾಬಿನವರು ಲೀಟರಿಗಲ್ಲ, ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿದ್ದರು. ಒಂದು ಲೀಟರಿಗೆ ಹತ್ತು ಡೆಸಿಲೀಟರು. ಅವನ 0.3 ಅಂದರೆ ನನ್ನ ಲೆಕ್ಕದಲ್ಲಿ 3. ಅದೂ ಎಚ್‌ಎಸ್ ಅಲ್ಲ, ಮಾಮೂಲಿ ಸಿಆರ್‌ಪಿ. ಅಷ್ಟು ಕೆಳಗಿನ ಅಂಕಿಯನ್ನು ಅದು ನೆಚ್ಚಿಕೊಳ್ಳುವಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ. ಕೋಟಿಗಟ್ಟಲೆ ಅವ್ಯವಹಾರ ಹಿಡಿದಾಗಲೂ ನನಗೆ ಇಷ್ಟು ಆನಂದವಾಗಿದ್ದಿಲ್ಲ. (ಕೋಟಿಗಟ್ಟಲೆ ಯಾವತ್ತೂ ಹಿಡಿದಿಲ್ಲ, ಸಾದಿಲ್ವಾರಿನಲ್ಲಿ ಕಾಫಿ ಬಿಲ್ಲು ಹಿಡಿದಿದ್ದೇನೆ.) ಭಾಮೈದ ಸೋಲೊಪ್ಪುವ ಕುಲದವನಲ್ಲ. ಎರಡು ದಿನದಲ್ಲಿ ಕೊರಿಯರ್‌ನಲ್ಲಿ ಒಂದು ಡಬ್ಬಿ ಬಂತು: ಅರಿಶಿನದ ಸತ್ವ, ಕರ್ಕುಮಿನ್ ಮಾತ್ರೆ, ಜೊತೆಗೆ ಕರಿಮೆಣಸಿನ ಸಾರ. ಬೆಲೆಯ ಚೀಟಿ ಕಿತ್ತಿರಲಿಲ್ಲ, ಬೇಕೆಂದೇ.

ಅರಿಶಿನಕ್ಕೆ ನಮ್ಮ ಮನೆಯಲ್ಲಿ ಬರವೇ? ಅಮ್ಮ ಅದನ್ನು ಹಾಲಿಗೆ ಹಾಕಿದಳು, ನನ್ನವಳು ಸಾರಿಗೆ ಇನ್ನೊಂದು ಚಮಚ ಸೇರಿಸಿದಳು, ಉಪ್ಪಿಟ್ಟು ಹಳದಿಯಾಯಿತು, ಕೊನೆಗೆ ಮೊಸರನ್ನವೂ. ಮಗಳ ಪುಸ್ತಕದ ಪ್ರಕಾರ ಈ ಕರ್ಕುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರಿಮೆಣಸು ಬೆರೆಸುವುದು ಅದನ್ನು ಸ್ವಲ್ಪ ಹೆಚ್ಚಿಸಲೆಂದು. ರಕ್ತಕ್ಕೆ ಸೇರಿತೋ ಇಲ್ಲವೋ, ನನ್ನ ಬಿಳಿ ಬನಿಯನ್ನಿಗೆ ಸೇರಿತು. ಸೋರೆಕಾಯಿ, ಸೀಮೆಬದನೆ, ಪಡವಲಕಾಯಿ ಸರದಿಯಲ್ಲಿ ಬಂದು ಹೋದವು. ನನ್ನ ಹೊಟ್ಟೆಯೊಳಗಿನ ಉರಿ ಶಮನವಾಯಿತೋ ಗೊತ್ತಿಲ್ಲ, ಹೊಟ್ಟೆಕಿಚ್ಚು ಮಾತ್ರ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದಾಗಲೆಲ್ಲ ಭುಗಿಲೆದ್ದಿತು.

ಹಾಗೆ ಹಸಿದು ಕೂತಿದ್ದ ಒಂದು ಮಧ್ಯಾಹ್ನ ನನ್ನ ಹಿರಿಮೆ ನನಗೆ ತಿಳಿಯಿತು. ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಪಾಲ್ ರಿಡ್ಕರ್ ಎಂಬ ವೈದ್ಯರು 1990ರ ದಶಕದಿಂದ ಈ ಸಿಆರ್‌ಪಿಯ ಬೆನ್ನು ಬಿದ್ದವರು. ಕೊಲೆಸ್ಟರಾಲ್ ಸರಿಯಿದ್ದವರಿಗೂ ಅಟ್ಯಾಕ್ ಆಗುತ್ತದಲ್ಲ ಯಾಕೆ ಎಂಬುದು ಅವರ ತಲೆಹುಳ. 2008ರಲ್ಲಿ ಪ್ರಕಟವಾದ ಅವರ ಜುಪಿಟರ್ ಅಧ್ಯಯನಕ್ಕೆ ಸೇರಬೇಕಾದರೆ ಗಂಡಸಾದರೆ ಐವತ್ತಾಗಿರಬೇಕು, ಎಲ್‌ಡಿಎಲ್ 130ಕ್ಕಿಂತ ಕೆಳಗಿರಬೇಕು, ಎಚ್‌ಎಸ್-ಸಿಆರ್‌ಪಿ 2 ಅಥವಾ ಮೇಲಿರಬೇಕು, ಮೊದಲು ಹೃದಯದ ಕಾಯಿಲೆ ಆಗಿರಬಾರದು. ಓದುತ್ತಾ ಓದುತ್ತಾ ಬೆನ್ನು ನೆಟ್ಟಗಾಯಿತು. ಬಡ್ತಿಗೆ ಅರ್ಹನಲ್ಲ, ಸೈಟಿಗೆ ಅರ್ಹನಲ್ಲ, ಸ್ಕೌಟ್ ಮಾಸ್ಟರ್ ಆಗಲೂ ಅರ್ಹನಲ್ಲ ಎನಿಸಿಕೊಂಡ ನಾನು ಇದೊಂದಕ್ಕೆ ಎಲ್ಲ ಷರತ್ತುಗಳಲ್ಲೂ ಅರ್ಹ! 26 ದೇಶಗಳ 17,802 ಮಂದಿ ಸೇರಿದ್ದರು. ಅರ್ಧ ಜನಕ್ಕೆ ರೋಸುವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆ 20 ಮಿಲಿಗ್ರಾಂ, ಅರ್ಧ ಜನಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಅಸಲಿ ಮಾತ್ರೆ ತಿಂದವರಲ್ಲಿ ಶೇ. 44ರಷ್ಟು ಕಡಿಮೆಯಾದವೆಂದು ಎರಡು ವರ್ಷ ತುಂಬುವಷ್ಟರಲ್ಲೇ ಅಧ್ಯಯನ ನಿಲ್ಲಿಸಿದರು. ಮಾತ್ರೆ ತಿಂದವರಲ್ಲಿ ಸಕ್ಕರೆ ಕಾಯಿಲೆ ತುಸು ಹೆಚ್ಚು ಕಂಡಿತು ಎಂಬುದನ್ನೂ ಬರೆದಿದ್ದಾರೆ. ಆಕ್ಷೇಪಣೆ ಎತ್ತಿದವರೂ ಇದ್ದರು: ಆ ಮಾತ್ರೆ ಕೊಲೆಸ್ಟರಾಲನ್ನೂ ಇಳಿಸಿತು, ಸಿಆರ್‌ಪಿಯನ್ನೂ ಇಳಿಸಿತು, ಪುಣ್ಯ ಯಾವುದಕ್ಕೆ ಸೇರಬೇಕು? ಆಡಿಟ್‌ನವನಾಗಿ ನಾನೂ ಅದೇ ಆಕ್ಷೇಪಣೆ ಎತ್ತುತ್ತಿದ್ದೆ.

“ಸಿಆರ್‌ಪೀನೇ ಇಳಿಸಿಬಿಟ್ರೆ ಆಯ್ತಲ್ಲ” ಎಂದೆ ಮಗಳಿಗೆ.

“ಅಮ್ಮ ಪಾತ್ರೆ ಕುಕ್ಕದ ಹಾಗೆ ಅಡುಗೆಮನೆಗೆಲ್ಲ ಪ್ಲಾಸ್ಟಿಕ್ ಪಾತ್ರೆ ತಂದಿಟ್ರೆ ಅಮ್ಮನ ಸಿಟ್ಟು ಹೋಗುತ್ತಾ?”

ಉತ್ತರ ಗೊತ್ತಿತ್ತು. ಹುಟ್ಟಿನಿಂದಲೇ, ವಂಶವಾಹಿಯ ಕಾರಣಕ್ಕೆ ಸಿಆರ್‌ಪಿ ಹೆಚ್ಚಿರುವವರನ್ನು ಲಕ್ಷಾಂತರ ಜನರ ನಡುವೆ ಹುಡುಕಿ ನೋಡಿದ್ದಾರಂತೆ. ಅದೊಂದೇ ಕಾರಣಕ್ಕೆ ಅವರಿಗೆ ಹೃದಯದ ಕಾಯಿಲೆ ಹೆಚ್ಚಿಲ್ಲ. ಸದ್ದು ಸದ್ದಷ್ಟೇ. ಆದರೆ ಅದಕ್ಕೂ ಹಿಂದಿರುವ ಇಂಟರ್‌ಲ್ಯೂಕಿನ್-6ರ ಕಡೆಯ ವಂಶವಾಹಿ ನೋಡಿದರೆ ಮಾತು ಬೇರೆ, ಅಲ್ಲಿ ನಂಟಿದೆ. ಹಾಗಾಗಿ ರಿಡ್ಕರ್ ಮೂಲಕ್ಕೇ ಕೈ ಹಾಕಿದರು. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ, ಒಮ್ಮೆ ಅಟ್ಯಾಕ್ ಆಗಿ ಸಿಆರ್‌ಪಿ ಇಳಿಯದೆ ಉಳಿದಿದ್ದ 10,061 ಜನರ ಪೈಕಿ ಹಲವರಿಗೆ ಕ್ಯಾನಕಿನುಮಾಬ್ ಎಂಬ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ಕೊಟ್ಟರು. ಅದು ಇಂಟರ್‌ಲ್ಯೂಕಿನ್-1ರ ಬಾಯಿ ಮುಚ್ಚಿಸುತ್ತದೆ, ಎಲ್‌ಡಿಎಲ್ ತಂಟೆಗೆ ಹೋಗುವುದಿಲ್ಲ. ಮತ್ತೆ ಅಟ್ಯಾಕ್, ಪಾರ್ಶ್ವವಾಯು ಆಗುವುದು ಶೇ. 15ರಷ್ಟು ತಗ್ಗಿತು. ಸಿಟ್ಟು ಇಳಿಸಿದರೆ ಹೃದಯಕ್ಕೆ ಒಳ್ಳೆಯದೆಂದು ಮೊದಲ ಬಾರಿ ಸಾಬೀತಾದದ್ದು ಹೀಗೆ. ಆದರೆ ಮೈಯ ಸಿಟ್ಟು ಇರುವುದು ರೋಗಾಣುಗಳ ಮೇಲೆ ಹಾಯಲಿಕ್ಕೂ ಹೌದಲ್ಲ. ಇಂಜೆಕ್ಷನ್ ತಗೊಂಡವರಲ್ಲಿ ಜೀವ ತೆಗೆಯುವ ಸೋಂಕು ಹೆಚ್ಚಿತು, ಒಟ್ಟು ಸಾವಿನಲ್ಲಿ ಲಾಭ ಕಾಣಲಿಲ್ಲ. ಬೆಲೆಯೋ ಕೇಳುವಂತಿಲ್ಲ. ಹೃದಯಕ್ಕೆಂದು ಅದನ್ನು ಕೊಡಲು ಅಮೆರಿಕದ ಎಫ್‌ಡಿಎ ಒಪ್ಪಲಿಲ್ಲ. ನನ್ನವಳನ್ನು ಪೂರ್ತಿ ಶಾಂತಗೊಳಿಸುವುದು ಅಪಾಯ ಎಂದು ನಾನು ಬಹಳ ಹಿಂದೆಯೇ ಅನುಭವದಿಂದ ಕಂಡುಕೊಂಡಿದ್ದೆ: ಬಾಡಿಗೆದಾರನ ಹತ್ತಿರ ಬಾಕಿ ವಸೂಲಿ ಮಾಡುವವರು ಯಾರು?

ಭಾಮೈದ ಮತ್ತೆ ಫೋನಿಗೆ ಬಂದ. ಗೌಟಿಗೆ ಕೊಡುವ ಹಳೇ ಮಾತ್ರೆ ಕೋಲ್ಚಿಸಿನ್ ಈಗ ಹೃದಯಕ್ಕೂ ಬಂದಿದೆಯಂತೆ. ನಿಜವೇ, ಅರ್ಧ ಮಿಲಿಗ್ರಾಂ ದಿನಾ ಕೊಟ್ಟು 2019ರಲ್ಲೂ 2020ರಲ್ಲೂ ನಡೆದ ಎರಡು ದೊಡ್ಡ ಅಧ್ಯಯನಗಳಲ್ಲಿ ಲಾಭ ಕಂಡಿತು, 2023ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. 2024ರಲ್ಲಿ ಏಳು ಸಾವಿರ ಜನರ ಮೇಲೆ ನಡೆದ ಇನ್ನೊಂದರಲ್ಲಿ ಏನೂ ಲಾಭ ಕಾಣಲಿಲ್ಲ. ಇದನ್ನೆಲ್ಲ ಬಿಟ್ಟು ಅವನು ಹಿಡಿದದ್ದು ಇದು: “ಅದು ನಮ್ಮ ಗೌರಿ ಹೂವಿನ ಗಿಡದಲ್ಲೇ ಇದೆಯಂತೆ ಭಾವ! ಮಾತ್ರೆ ಯಾಕೆ, ಅತ್ತೆ ಊರಲ್ಲಿ ಬೇಲಿ ತುಂಬಾ ಇದೆಯಲ್ಲ!”

ಅಮ್ಮ ತೀರ್ಥಹಳ್ಳಿ ಕಡೆಯವಳು. ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ದಳ ಹಿಂದಕ್ಕೆ ಮಡಚಿಕೊಂಡು ಕೆಂಪು ಹಳದಿಯಾಗಿ ಅರಳುವ ಆ ಬಳ್ಳಿಯನ್ನು ಮಗುವಾಗಿದ್ದಾಗಿನಿಂದ ಕಿತ್ತು ಪೂಜೆಗೆ ತಂದವಳು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಏ ಹುಡುಗಾ, ಅದರ ಗೆಡ್ಡೆ ತಿಂದು ಒಂದು ಹಸು ಕೊಟ್ಟಿಗೇಲೇ ಬಿದ್ದು ಸತ್ತಿದ್ದು ನಾನು ನೋಡಿದೀನಿ. ಅದು ದೇವರಿಗೆ ಇಡೋ ಹೂವು, ಅಳಿಯಂಗೆ ತಿನ್ನಿಸೋದಲ್ಲ. ಇಡು ಫೋನು!”

ಅಮ್ಮನಿಗೆ ನಾನು ಅಳಿಯನಲ್ಲ, ಮಗ. ಸಿಟ್ಟಿನ ಭರದಲ್ಲಿ ಅವನ ಕಡೆಯ ಸಂಬಂಧವೇ ಬಾಯಿಗೆ ಬಂದಿತ್ತು. ಆದರೆ ಮಾತು ಅಕ್ಷರಶಃ ಸರಿ. ತಮಿಳುನಾಡು ಅದನ್ನು ರಾಜ್ಯಪುಷ್ಪ ಮಾಡಿಕೊಂಡಿದೆ, ಅಲ್ಲಿ ಔಷಧಿ ಕಂಪನಿಗಳಿಗಾಗಿ ಅದರ ಬೀಜಕ್ಕೆಂದೇ ಬೆಳೆಯುತ್ತಾರೆ. ಆದರೂ ಗಿಡ ಬೇರಿನಿಂದ ತುದಿಯವರೆಗೆ ವಿಷ. ಅರ್ಧ ಮಿಲಿಗ್ರಾಂ ಎಂದು ಅಳೆದು ಕೊಡುವ ವಸ್ತುವನ್ನು ಬೇಲಿಯಿಂದ ಕಿತ್ತು ತಿನ್ನುವುದೆಂದರೆ ಕುಟುಂಬ ಪಿಂಚಣಿಯ ಅರ್ಜಿಗೆ ತಾನೇ ಸಹಿ ಹಾಕಿದಂತೆ. ಆ ಮೊತ್ತ ಕಡಿಮೆ ಎಂದು ಮೊದಲೇ ನೋಡಿದ್ದೆನಲ್ಲ.

ನಿಜವಾದ ಶಂಕಿತ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ, ನನ್ನ ಬಾಯೊಳಗೇ ಇದ್ದ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುವುದನ್ನು ಪೇಸ್ಟಿನ ಬಣ್ಣ ಎಂದು ನಂಬಿಸಿಕೊಂಡು, ಬಲ ದವಡೆಗೆ ಪೂರ್ತಿ ರಜೆ ಕೊಟ್ಟು ಎಡ ದವಡೆಯಲ್ಲೇ ಸಂಸಾರ ತೂಗಿಸುತ್ತಿದ್ದೆ. ಡಾಕ್ಟ್ರು ಬಾಯಿ ತೆರೆಯಿಸಿ ಟಾರ್ಚ್ ಬಿಟ್ಟವರೇ ಹಲ್ಲಿನ ಡಾಕ್ಟ್ರ ಹತ್ತಿರ ಅಟ್ಟಿದರು. ಅಲ್ಲಿ ಸಣ್ಣ ವಯಸ್ಸಿನ ಡಾಕ್ಟ್ರಮ್ಮ ಗೆರೆ ಹಾಕಿದ ಸೂಜಿಯಂಥ ಸಲಾಕೆಯನ್ನು ಒಂದೊಂದು ಹಲ್ಲಿನ ಸಂದಿಗೂ ಇಳಿಸುತ್ತಾ ನರ್ಸಿಗೆ ಬರೆಸಿದಳು: “ನಾಲ್ಕು… ಐದು… ಐದು… ಆರು.” ಅಂಕ ಏರುತ್ತಿದೆಯಲ್ಲ ಎಂದು ಖುಷಿಯಾಯಿತು. ಮೂರು ಮಿಲಿಮೀಟರಿಗಿಂತ ಆಳವಿದ್ದರೆ ಒಸಡು ಹಲ್ಲು ಬಿಟ್ಟುಕೊಡುತ್ತಿದೆ ಎಂದರ್ಥವಂತೆ. ಹೀಗೆ ಬಾಯಿ ತುಂಬ ಸಣ್ಣ ಸಣ್ಣ ಗಾಯ ಇಟ್ಟುಕೊಂಡರೆ ಸಿಆರ್‌ಪಿ ತಗ್ಗುವುದು ಹೇಗೆ? ಒಸಡು ಸ್ವಚ್ಛ ಮಾಡಿಸಿದರೆ ಕ್ರಮೇಣ ಇಳಿಯುತ್ತದೆ. ಆದರೆ ಮಾಡಿಸಿದ ಮಾರನೇ ದಿನ ರಕ್ತ ಕೊಟ್ಟರೆ ಇಳಿಯುವ ಬದಲು ಎದ್ದು ಕೂರುತ್ತದೆ, ಕೆದಕಿದ್ದಕ್ಕೆ. ಅದಕ್ಕೇ ಮೊದಲು ಎರಡನೇ ಪರೀಕ್ಷೆ, ಆಮೇಲೆ ಹಲ್ಲು ಎಂದು ಡಾಕ್ಟ್ರು ಕ್ರಮ ಹಾಕಿಕೊಟ್ಟರು. ಹಲ್ಲಿನ ಡಾಕ್ಟ್ರನ್ನು ಮುಂದೂಡಲು ಮೊದಲ ಬಾರಿಗೆ ವೈದ್ಯಕೀಯ ಕಾರಣ ಸಿಕ್ಕಿದ್ದು ನನಗೆ.

ಎರಡನೇ ಬಾರಿ 2.8 ಬಂತು. ಮೂರರ ಕೆಳಗೆ ಬಂದೆನೆಂದು ನಾನು ಹಿಗ್ಗಿದರೆ ಡಾಕ್ಟ್ರು ಕ್ಯಾಲ್ಕುಲೇಟರ್ ಒತ್ತಿದರು: ಸರಾಸರಿ 3.5. ಹಿಂದಿನ ತ್ರೈಮಾಸಿಕದ ಬಾಕಿಯನ್ನು ಈ ತ್ರೈಮಾಸಿಕಕ್ಕೆ ಎಳೆಯುವುದು ನಿಯಮಬಾಹಿರ ಎಂದು ವಾದಿಸಿದೆ. ಅವರು ಕೇಳಲಿಲ್ಲ. ಅಪ್ಪ ಅರವತ್ತಕ್ಕೇ ಎದೆನೋವಿನಲ್ಲಿ ಹೋದದ್ದು, ನನ್ನ ಬಿ.ಪಿ., ಟೇಪಿನ 101 ಎಲ್ಲವನ್ನೂ ಪಕ್ಕಪಕ್ಕ ಬರೆದು, “ಈ ಒಂದು ಅಂಕಿ ನೋಡಿ ನಾನು ಮಾತ್ರೆ ಬರೀತಿಲ್ಲ, ಇಷ್ಟೂ ಸೇರಿ ಬರೀತಿದೀನಿ” ಎಂದು ಸಣ್ಣ ಡೋಸಿನ ಸ್ಟಾಟಿನ್ ಬರೆದರು. ಜೊತೆಗೆ ದಿನಾ ನಡಿಗೆ. ಸರ್ಕಲ್ಲಿನ ದಿಕ್ಕಿಗಲ್ಲ ಎಂದು ನನ್ನವಳು ಅಲ್ಲೇ ತಿದ್ದುಪಡಿ ಸೇರಿಸಿದಳು.

ಆ ವಾರವೇ ರಾತ್ರಿ ಹತ್ತರ ಮೇಲೆ ಭಾಮೈದನ ಫೋನು. ಧ್ವನಿ ಸಣ್ಣಗಾಗಿತ್ತು. ನನ್ನ ಮೇಲಿನ ಜಿದ್ದಿಗೆ ಈ ಸಲ ಲೀಟರಿನ ಲೆಕ್ಕದ ಲ್ಯಾಬು ಹುಡುಕಿ, ಎಚ್‌ಎಸ್ ಎಂದೇ ಹೇಳಿ ಮಾಡಿಸಿದ್ದ. ಭಾನುವಾರ ನಲವತ್ತೆರಡು ಕಿಲೋಮೀಟರ್ ಓಡಿದ್ದಾನೆ, ಸೋಮವಾರ ಬೆಳಿಗ್ಗೆ ರಕ್ತ ಕೊಟ್ಟಿದ್ದಾನೆ.

“ಹದಿನಾಲ್ಕು ಬಂದಿದೆ ಭಾವ.”

“ಎಷ್ಟು?”

“ಹದಿನಾಲ್ಕು.”

“ಲೈನ್ ಸರಿ ಇಲ್ಲ, ಎಷ್ಟಂದೆ?” ಎಂದು ಸ್ಪೀಕರ್ ಹಾಕಿದೆ.

ಅಷ್ಟು ದೂರ ಓಡಿದರೆ ಸ್ನಾಯುಗಳೆಲ್ಲ ಜರ್ಜರಿತವಾಗಿ ಮರುದಿನ ಸಿಆರ್‌ಪಿ ಏರುತ್ತದೆ, ಕೆಲವು ದಿನದಲ್ಲಿ ತಾನಾಗಿ ಇಳಿಯುತ್ತದೆ ಎಂದು ಮಗಳು ಆಗಲೇ ಪಿಸುಗುಟ್ಟಿದ್ದಳು. ಹತ್ತು ದಾಟಿದ್ದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಅದನ್ನು ಹೇಳುತ್ತೇನೆ, ಹೇಳದೆ ಇರಲಾರೆ, ಅವನು ನನ್ನ ಹೆಂಡತಿಯ ತಮ್ಮ. ಆದರೆ ಡಾಕ್ಟ್ರು ನನ್ನನ್ನು ಕೇಳಿದ ಹಾಗೆ ನಾನೂ ಕ್ರಮವಾಗಿ ಕೇಳಿದೆ: ನೆಗಡಿ? ಹಲ್ಲು? ನಿದ್ದೆ? ಬೋಂಡ? ಪ್ರತಿಯೊಂದಕ್ಕೂ “ಇಲ್ಲ ಭಾವ” ಎನ್ನುವಾಗ ಅವನ ದನಿ ಇನ್ನಷ್ಟು ಇಳಿಯುತ್ತಿತ್ತು.

“ಗಾಬರಿ ಬೇಡ ಕಣೋ. ಎರಡು ವಾರ ಓಡಬೇಡ, ಆಮೇಲೆ ಇನ್ನೊಂದ್ಸಲ ಮಾಡಿಸು. ಅಲ್ಲೀವರೆಗೆ ನಾಳೆ ಕೊರಿಯರ್‌ನಲ್ಲಿ ಒಂದು ಡಬ್ಬಿ ಕಳಿಸ್ತೀನಿ. ಅರಿಶಿನದ ಮಾತ್ರೆ, ಕರಿಮೆಣಸೂ ಇದೆ. ಸೀಲ್ ಕೂಡ ಒಡೆದಿಲ್ಲ, ಬೆಲೆ ಚೀಟೀನೂ ಹಾಗೇ ಇದೆ.”